ಏಳನೆಯವಳು

ಪುಟ್ಟನ ಬಾಯಿ ಮುಚ್ಚಿಸಲು ಅವನ ತಾಯಿ ಟೈಲರಕ್ಕನಿಗೆ ಖರ್ಚಾದದ್ದು ಒಂದು ಪೊಟ್ಟಣ ಬಿಸ್ಕತ್ತು, ಎರಡು ನಿಮಿಷ. ದೂರದ ದೇಶದಿಂದ ಬಂದ ಇಸ್ತ್ರಿಯವಳು ಆ ದಿನ ಮಗಳೊಂದಿಗೆ ಮಹಡಿಯ ಮನೆಗೆ ಸಾಮಾನು ಸಾಗಿಸುತ್ತಿದ್ದಳು. "ಆ ಹುಡುಗಿ ಯಾಕಮ್ಮ ಅಷ್ಟು ಕಪ್ಪು?" ಎಂದು ಐದು ವರ್ಷದ ಪುಟ್ಟ ಗಟ್ಟಿಯಾಗಿಯೇ ಕೇಳಿದ್ದ. "ಶ್, ಹಾಗೆಲ್ಲ ನೋಡಬಾರದು" ಎಂದು ಟೈಲರಕ್ಕ ಅವನನ್ನು ಒಳಗೆಳೆದುಕೊಂಡಿದ್ದಳು.

ತಿಂಗಳು ಕಳೆಯಿತು. ಒಂದು ಸಂಜೆ ಅಂಗಳದಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಟಕ್ಕೆ ತಲೆ ಎಣಿಸುತ್ತಿದ್ದರು.

"ಆರು ಜನ."

ಹೊಲಿಗೆ ಯಂತ್ರದಿಂದ ತಲೆಯೆತ್ತಿದ ಟೈಲರಕ್ಕನ ಕಣ್ಣಿಗೆ ಏಳು ಜನ ಕಂಡರು. ನಡುವೆ ನಿಂತಿದ್ದ ಆ ಹುಡುಗಿ "ನಾನೂ ಇದೀನಿ" ಎಂದಳು. ಯಾರೂ ತಿರುಗಲಿಲ್ಲ. ಕಂಬವನ್ನು ಬಳಸಿ ಹೋಗುವ ಹಾಗೆ ಅವಳನ್ನು ಬಳಸಿ ಓಡಿದರು. ಮಕ್ಕಳಾಟ ಎಂದುಕೊಂಡು ಟೈಲರಕ್ಕ ಮತ್ತೆ ಯಂತ್ರ ತುಳಿದಳು.

ಆಟ ಮುಗಿದು ಎಷ್ಟೋ ಹೊತ್ತಾದ ಮೇಲೆ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಿಂದ ಸದ್ದು ಬಂತು. ಟಕ್, ಟಕ್. ಪುಟ್ಟ ಅದೇ ಬಾಗಿಲಿಗೆ ಒರಗಿ ಗುಂಡಿಗಳನ್ನು ಜೋಡಿಸುತ್ತಿದ್ದ.

"ಒಳಗೆ ಯಾರೋ?"

"ಯಾರೂ ಇಲ್ಲಮ್ಮ."

ಟಕ್, ಟಕ್.

ಚಿಲಕ ತೆಗೆದಾಗ ಕತ್ತಲಲ್ಲಿ ಹುಡುಗಿ ಕುಳಿತಿದ್ದಳು. ಲೆಕ್ಕಕ್ಕಿಲ್ಲದಿದ್ದರೂ ಎಲ್ಲರಂತೆ ಅಡಗಿಕೊಂಡವಳ ಮೇಲೆ ಯಾರೋ ಚಿಲಕ ಹಾಕಿದ್ದರು. ಅವಳು ಅಳುತ್ತಿರಲಿಲ್ಲ. "ಆಂಟಿ, ನಾನು ನಿಮಗೆ ಕಾಣಿಸ್ತೀನಾ?" ಎಂದು ಮೆಲ್ಲಗೆ ಕೇಳಿದಳು.

ಟೈಲರಕ್ಕ ಅವಳನ್ನು ಎತ್ತಿಕೊಂಡು ಬೆಳಕಿಗೆ ತಂದಳು.

ಪಕ್ಕದ ಮನೆಯ ನರ್ಸಮ್ಮ ಬಂದು ಹುಡುಗಿಯ ತರಚಿದ ಬೆರಳುಗಳಿಗೆ ಮುಲಾಮು ಹಚ್ಚಿದಳು. ಅವಳನ್ನು ತಾಯಿಯ ಬಳಿ ಬಿಟ್ಟುಬಂದ ಮೇಲೆ ಟೈಲರಕ್ಕ ಹೇಳಿದಳು: "ಇಷ್ಟು ಚಿಕ್ಕವರಿಗೆ ಬಣ್ಣದ ಭೇದ ಎಲ್ಲಿ ತಿಳಿಯುತ್ತೆ, ನರ್ಸಮ್ಮ? ನಮ್ಮನೇಲಿ ಆ ಮಾತೇ ಎತ್ತಿಲ್ಲ."

"ನಿಮ್ಮ ಮಗ ನೂರು ನೂಲುಂಡೆಯಲ್ಲಿ ಸರಿಯಾದ ಬಣ್ಣ ಆರಿಸ್ತಾನೆ. ಮನುಷ್ಯರ ಬಣ್ಣ ಕಾಣದೆ ಇರೋಕೆ ಅವನೇನು ಕುರುಡನಾ? ಅವನು ಕೇಳಿದಾಗ ಏನಂದ್ರಿ?"

ಉತ್ತರ ಕೊಟ್ಟವನು ಪುಟ್ಟ. "ನೋಡಬಾರದು ಅಂದ್ಳು. ನಾನು ಎಲ್ಲರಿಗೂ ಹೇಳ್ಕೊಟ್ಟೆ."

ಟೈಲರಕ್ಕ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ನಾನು ತಪ್ಪು ಹೇಳಿದೆ ಕಣೋ. ನೋಡಬಹುದು, ಕೇಳಬಹುದು. ಚರ್ಮದೊಳಗೆ ಬಣ್ಣ ಕೊಡೋ ವಸ್ತು ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ. ಕೆಲವರು ಅದನ್ನೇ ನೆಪ ಮಾಡ್ಕೊಂಡು ಇನ್ನೊಬ್ಬರನ್ನ ಕೀಳು ಮಾಡ್ತಾರೆ, ದೂರ ಇಡ್ತಾರೆ. ಅದು ಅನ್ಯಾಯ. ನೀವು ಮಾಡಿದ್ದೂ ಅದೇ."

"ಅವಳಿಗೆ ನೋವಾಯ್ತಾ?"

"ಹೂಂ. ಬಾ, ಇಬ್ಬರೂ ಹೋಗಿ ತಪ್ಪಾಯ್ತು ಅನ್ನೋಣ."

ಮರುದಿನ ಪುಟ್ಟ ಅವಳಿಂದಲೇ ಎಣಿಕೆ ಶುರುಮಾಡಿದ. ಏಳು ಬಂತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗು ಯಾರದಾದರೂ ಮೈಬಣ್ಣದ ಬಗ್ಗೆ ಕೇಳಿದರೆ ಗದರಬೇಡಿ. ನೇರವಾಗಿ ಉತ್ತರಿಸಿ. ತಿಳಿಯದಿದ್ದರೆ, ತಿಳಿದುಕೊಂಡು ಹೇಳುತ್ತೇನೆ ಎನ್ನಿ, ಮರೆಯದೆ ಹೇಳಿ. ನೀವು ಸುಮ್ಮನಿದ್ದರೂ ಮಗು ಏನನ್ನಾದರೂ ಕಲಿತೇ ಕಲಿಯುತ್ತದೆ.

ಆ ಅಂಗಳದ ಆಟಕ್ಕೆ ಏಳನೆಯವಳು ಸಿಕ್ಕಳು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತ್ರ ಅವಳು ಇವತ್ತಿಗೂ ಮಲಗುವುದಿಲ್ಲ.