ಕ್ರೀಡಾಂಗಣದ ಎದುರಿನ ನಲವತ್ತು ಗಿರಾಕಿಗಳು

ಅವನು ಕಚೇರಿಗಾಗಿ ಬರೆದ ಅರವತ್ತು ಪುಟದ ವರದಿಯನ್ನು ಪೂರ್ತಿ ಓದಿದವರು ಜಗತ್ತಿನಲ್ಲಿ ಒಬ್ಬರೇ: ಅಕ್ಕನ ಹೊಲಿಗೆ ಅಂಗಡಿಯಿದ್ದ ಕಟ್ಟಡದ ಮಾಲೀಕರು. ಓದಿ ಬಾಡಿಗೆಯನ್ನು ದುಪ್ಪಟ್ಟು ಮಾಡಿದ್ದರು. ಒಪ್ಪದಿದ್ದರೆ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಬೇಕು. ಉತ್ತರ ಕೇಳಲು ಇವತ್ತು ಅಂಗಡಿಗೇ ಬಂದು ಅಕ್ಕನ ಮತ್ತು ಅವನ ಎದುರು ಕೂತಿದ್ದರು.

'ಹೊಸ ಕ್ರೀಡಾಂಗಣದಿಂದಾಗಿ ಪಂದ್ಯದ ದಿನ ಪ್ರತಿ ಅಂಗಡಿಗೆ ನಲವತ್ತು ಹೊಸ ಗಿರಾಕಿಗಳು' ಎಂಬುದು ವರದಿಯ ಮುಖ್ಯ ವಾಕ್ಯ. ಮೊದಲ ಪಂದ್ಯದ ದಿನ ಅವನು ಎದುರಿನ ಮರದಡಿ ನಿಂತು ಅಕ್ಕನ ಅಂಗಡಿ ಹೊಕ್ಕವರ ತಲೆ ಎಣಿಸಿದ್ದ: ನಲವತ್ತು. ಒಳಗೆ ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಿಬಿಡದೆ ನೋಡುತ್ತ ನಿಲ್ಲುವುದೇ ಆಳವಾದ ಅಧ್ಯಯನ ಎಂದು ಅವನು ಕಾಲೇಜಿನ ದಿನಗಳಿಂದಲೂ ನಂಬಿಕೊಂಡಿದ್ದ. ಆ ನಲವತ್ತು ಜನರೂ ಬಂದದ್ದು ಶೌಚಾಲಯ ಎಲ್ಲಿದೆ ಎಂದು ಕೇಳಲು.

"ಆಟ ನೋಡೋಕೆ ಬಂದೋರು ರವಿಕೆ ಹೊಲಿಸ್ತಾರೇನೋ, ಪಂಡಿತ?" ಎಂದು ಅಕ್ಕ ಆಮೇಲೆ ಕೇಳಿದ್ದಳು. ಪಂದ್ಯದ ದಿನ ರಸ್ತೆ ಮುಚ್ಚುವುದರಿಂದ ಹಳೆಯ ಗಿರಾಕಿಗಳೂ ಬರುತ್ತಿರಲಿಲ್ಲ. ಇದು ಯಾವ ಪುಟದಲ್ಲೂ ಇರಲಿಲ್ಲ.

"ನಿಮ್ಮ ತಮ್ಮನೇ ಬರೆದಿದಾರಲ್ಲಮ್ಮ," ಮಾಲೀಕರು ವರದಿಯನ್ನು ಮಡಿಲಲ್ಲಿಟ್ಟು ಸವರಿದರು. "ಓದಿದೋರು ಸುಮ್ನೆ ಬರೀತಾರಾ?"

ಅಕ್ಕ ಕತ್ತರಿ ಕೆಳಗಿಟ್ಟು ತಮ್ಮನನ್ನು ನೋಡಿದಳು. ಅವನಿಗೆ ಗಂಭೀರವಾದ ಮೌನವೊಂದು ಅಭ್ಯಾಸವಿತ್ತು. ಅದರಲ್ಲಿ ಏನೋ ಇದೆ ಎಂದು ಜನ ಅಂದುಕೊಳ್ಳುತ್ತಿದ್ದರು. ಏನೂ ಇರುತ್ತಿರಲಿಲ್ಲ.

"ಅದು ತಪ್ಪು ಲೆಕ್ಕ," ಎಂದ. "ನಲವತ್ತರಲ್ಲಿ ಒಬ್ಬರೂ ಗಿರಾಕಿ ಅಲ್ಲ. ನಾನು ವಿಚಾರಿಸಲೇ ಇಲ್ಲ."

ಮಾಲೀಕರು ಕನ್ನಡಕ ತೆಗೆದರು. "ಬಾಯಲ್ಲಿ ಹೇಳಿದ್ರೆ ಏನು ಬಂತು? ಬರೆದುಕೊಡಿ. ಹಳೇ ಬಾಡಿಗೆನೇ ಇರಲಿ ಬಿಡಿ. ಆದ್ರೆ ಇವರಿಗೆ ಮಾತ್ರ ಯಾಕೆ ಹಳೇ ಬಾಡಿಗೆ ಅಂತ ಎದುರು ಸಾಲಿನ ಅಂಗಡಿಯೋರು ಕೇಳಿದ್ರೆ, ನೀವು ಬರೆದುಕೊಟ್ಟಿದ್ದನ್ನ ನಾನು ತೋರಿಸೋನೇ."

ಎದುರು ಸಾಲಿನವರ ಕೈಯಿಂದ ಆ ಕಾಗದ ಅವನ ಕಚೇರಿ ಮುಟ್ಟಲು ಎರಡು ದಿನವೂ ಬೇಕಿರಲಿಲ್ಲ. ಅಲ್ಲಿ ಮುಂದಿನ ಕ್ರೀಡಾಂಗಣದ ವರದಿಯನ್ನೂ ಅವನಿಗೇ ಒಪ್ಪಿಸಿದ್ದರು.

ಅಕ್ಕ ಅಳತೆ ಪುಸ್ತಕದಿಂದ ಒಂದು ಹಾಳೆ ಹರಿದುಕೊಟ್ಟಳು. ಅವನು ಮೂರು ಸಾಲು ಬರೆದ. ಮಾಲೀಕರು ಓದಿ ತಲೆದೂಗಿದರು. "ಇದು ಚೆನ್ನಾಗಿ ಅರ್ಥ ಆಗತ್ತೆ. ಆ ವರದೀನ ನಾಲ್ಕು ಸಲ ಓದಬೇಕಾಯ್ತು ನೋಡಿ."

"ಸಹಿ ಹಾಕಿಲ್ಲ ಕಣೋ," ಎಂದಳು ಅಕ್ಕ.