ಹೆಚ್ಚುವರಿ ಪ್ರತಿಗಳು

ವಿಜಯನ ಜಮೀನನ್ನು ಅಳಿಸಿ ಹಾಕಿದವಳು ನಾನು. ಅದನ್ನು ಇನ್ನೊಬ್ಬರ ತಲೆಗೆ ಕಟ್ಟುವ ಹಾಗಿಲ್ಲ. ಜಮೀನು ಅಂದರೆ ಪಹಣಿ ಇರುವಂಥದ್ದಲ್ಲ, ಟಿವಿಯಲ್ಲಿ ಆಡುವ ಹಳೆಯ ವಿಡಿಯೋ ಗೇಮಿನೊಳಗಿನದು. ಆದರೆ ಕೊಪ್ಪದ ಹತ್ತಿರದ ನಾರ್ವೆ ಹಳ್ಳಿಯ ಪುಟ್ಟಪ್ಪನವರ ಮನೆಗೆ ತಮ್ಮದು ಅಂತ ಇದ್ದ ಜಮೀನು ಅದೊಂದೇ. ಅಪ್ಪ, ಮಗ ವಿಜಯ ಇಬ್ಬರೂ ಅವರಿವರ ತೋಟದಲ್ಲಿ ಕೂಲಿ ಮಾಡಿದವರು.

ನಾನು ಕೊಪ್ಪದ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಪುಟದ ಮೂಲೆ ಮಡಚುವವರನ್ನು ಕಂಡರೆ ಈಗಲೂ ಮೈ ಉರಿಯುತ್ತದೆ. ನನ್ನ ತಮ್ಮ ಲಕ್ಷ್ಮೀಶ ಇದಕ್ಕೆ ತದ್ವಿರುದ್ಧ. ಅವನ ಚಪ್ಪಲಿಗಳೇ ಒಂದು ದಿಕ್ಕಿಗೆ ಮುಖ ಮಾಡಿ ಇರುವುದಿಲ್ಲ. ಬಾಳೆಹೊನ್ನೂರಿನಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಎರಡು ಟಿವಿ, ಅವಕ್ಕೆ ತಾನೇ ಜೋಡಿಸಿದ ಒಂದು ಪೆಟ್ಟಿಗೆ. ಅವನು ಹುಡುಗನಾಗಿದ್ದಾಗಿನ ಗೇಮುಗಳೆಲ್ಲ ಆ ಪೆಟ್ಟಿಗೆಯ ಮೆಮೊರಿ ಕಾರ್ಡಿನಲ್ಲಿವೆ. ಬೇಕಾದವರು ಬಂದು ಕೂತು ಆಡುತ್ತಾರೆ.

ಕಳೆದ ಮಾರ್ಚಿನಲ್ಲಿ ಅವನು ಹರ್ನಿಯಾ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಹೋದಾಗ ಅಂಗಡಿ ನೋಡಿಕೊಳ್ಳಲು ನಾನು ಬಂದೆ. ಹೊರಡುವಾಗ ಒಂದು ಕೆಲಸ ಹೇಳಿದ.

"ಅಕ್ಕಾ, ಗೇಮುಗಳಿಗೆಲ್ಲ ನಾನು ಬಾಯಿಗೆ ಬಂದ ಹೆಸ್ರು ಇಟ್ಟಿದೀನಿ. ಸರಿಯಾದ ಹೆಸ್ರಿದ್ರೆ ಮಾತ್ರ ಪೆಟ್ಟಿಗೆ ಅದರ ಚಿತ್ರ ತೋರ್ಸತ್ತೆ. ಕೂತು ಸರಿ ಮಾಡು ಮಾರಾಯ್ತಿ. ಹೆಸ್ರು ಮಾತ್ರ."

ಹೆಸರು ಮಾತ್ರ ಎಂದಿದ್ದ. ನಾನು ಕೇಳಬೇಕಲ್ಲ!

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ 'ಆಮೆ ಮೇಲೆ ಹಾರೋದು', 'ಬೈಕ್ ಬೀಳೋದು', 'ಬೈಕ್ ಬೀಳೋದು ಇನ್ನೊಂದು'. ಬೈದುಕೊಂಡೇ ಶುರು ಮಾಡಿದೆ. ಇಂಟರ್ನೆಟ್ಟಿನಲ್ಲಿ ಪಟ್ಟಿ ಹುಡುಕಿ, ಒಂದೊಂದನ್ನೂ ಆಡಿ ನೋಡಿ, ಸರಿಯಾದ ಹೆಸರು ಹಾಕಿದೆ. ಹೆಸರು ಸರಿಹೊಂದಿದ್ದೇ ತಡ ಮುಖಪುಟದ ಬಣ್ಣದ ಚಿತ್ರ ಬಂದು ಕೂರುತ್ತಿತ್ತು. ಮೂರು ದಿನ ಊಟದ ಹೊತ್ತೂ ನೆನಪಾಗಲಿಲ್ಲ. ಇಷ್ಟು ಸುಖಪಟ್ಟು ಎಷ್ಟು ಕಾಲವಾಗಿತ್ತೋ.

ನಾಲ್ಕನೆಯ ದಿನ ಆ ಬೇಸಾಯದ ಗೇಮು ಸಿಕ್ಕಿತು. ಒಂದೇ ಗೇಮಿನ ಹತ್ತೊಂಬತ್ತು ಪ್ರತಿ! ಹೆಸರುಗಳೋ, 'ಬೂತಪ್ಪ', 'ಸತೀಶ ಅಡ್ಡಗದ್ದೆ', 'ತ್ರ್ಯಂಬಕ', 'ವಿಜಯ್ ನಾರ್ವೆ'. ಪ್ರತಿಯೊಂದರ ಪಕ್ಕ ಅದೇ ಹೆಸರಿನ ಒಂದು ಚಿಕ್ಕ ಫೈಲು. ನಮ್ಮ ಗ್ರಂಥಾಲಯಕ್ಕೆ ಪುಸ್ತಕ ದಾನ ಕೊಟ್ಟವರ ಹೆಸರನ್ನು ಮೊದಲ ಪುಟದಲ್ಲಿ ಬರೆದಿಡುತ್ತಿದ್ದೆವು. ಇವರೂ ಯಾರೋ ಗೇಮು ಕೊಟ್ಟವರು ಅಂದುಕೊಂಡೆ. ಮೊದಲನೆಯದನ್ನು ಮಾತ್ರ ತೆರೆದು ನೋಡಿದೆ. ಒಂದನ್ನು ಉಳಿಸಿ ಹದಿನೆಂಟು ಹೆಚ್ಚುವರಿ ಪ್ರತಿಗಳನ್ನು ತೆಗೆದೆ. ಚಿಕ್ಕ ಫೈಲುಗಳನ್ನು ಕಸವೆಂದು ಗುಡಿಸಿದೆ. ಆಮೇಲೆ ಕಾರ್ಡನ್ನು ಪೂರ್ತಿ ಖಾಲಿ ಮಾಡಿ, ಶುದ್ಧವಾದ ಪಟ್ಟಿಯನ್ನು ಹೊಸದಾಗಿ ತುಂಬಿದೆ.

ಲಕ್ಷ್ಮೀಶ ವಾಪಸು ಬಂದವನು ಚಿತ್ರಗಳನ್ನು ನೋಡಿ ಹಿಗ್ಗಿದ. ಪಟ್ಟಿಯನ್ನು ಕೆಳಗೆ ಸರಿಸುತ್ತಾ ಹೋಗಿ ಬೇಸಾಯದ ಗೇಮಿಗೆ ಬಂದು ನಿಂತ.

"ಉಳಿದವು ಎಲ್ಲಿ ಅಕ್ಕಾ?"

ಹೇಳಿದೆ. ಅವನು ಹೊಟ್ಟೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೂತ.

ಒಬ್ಬರ ಆಟವನ್ನು ಇನ್ನೊಬ್ಬರು ಕೆಡಿಸಬಾರದೆಂದು ಒಬ್ಬೊಬ್ಬರಿಗೂ ಒಂದೊಂದು ಪ್ರತಿ ಮಾಡಿ ಕೊಟ್ಟಿದ್ದನಂತೆ. ಅವರವರು ಆಡಿದ್ದು ಆ ಚಿಕ್ಕ ಫೈಲಿನಲ್ಲಿ ಉಳಿಯುತ್ತಿತ್ತಂತೆ. ವಿಜಯ ಅಡಿಕೆ ಕೊಯ್ಯುವ ಹುಡುಗ, ಇಪ್ಪತ್ತೆರಡು ವರ್ಷ. ಸಂತೆಯ ದಿನ ತಪ್ಪದೆ ಬಂದು ತನ್ನ ಜಮೀನು ಮಾಡುತ್ತಿದ್ದ. ಎರಡು ವರ್ಷದ ಕೆಳಗೆ ಗೊನೆ ಕೊಯ್ಯುವ ಅವನ ಉದ್ದನೆಯ ದೋಟಿ ಕರೆಂಟಿನ ತಂತಿಗೆ ತಾಗಿತು. ಅವನು ಹೋದ ಮೇಲೆ ಸಂತೆಯ ದಿನ ಅವನಪ್ಪ ಪುಟ್ಟಪ್ಪ ಬಂದು, ಆ ಜಮೀನು ತೆರೆಸಿಕೊಂಡು, ಅರ್ಧ ಗಂಟೆ ಕೂತು ಹೋಗುತ್ತಿದ್ದರು.

"ಇದನ್ನ ಮೊದ್ಲೇ ಹೇಳಕ್ಕೆ ನಿಂಗೆ ಎಂತ ಆಗಿತ್ತಾ?" ಎಂದು ನಾನು ಅವನ ಮೇಲೇ ಹರಿಹಾಯ್ದೆ.

"ಹೆಸ್ರು ಬರ್ದಿತ್ತಲ್ಲೇ ಅಕ್ಕಾ," ಎಂದ.

ಅವನು ಎರಡು ದಿನ ಏನೇನೋ ಸಾಫ್ಟ್‌ವೇರ್ ಹಾಕಿ ಹುಡುಕಿದ. ಏನೂ ಸಿಗಲಿಲ್ಲ. ಬೂತಪ್ಪ ಫೋನಿನಲ್ಲಿ ನಕ್ಕು, ಹೋದರೆ ಹೋಯಿತು, ಮೊದಲಿಂದ ಆಡುತ್ತೇನೆ ಎಂದ. ಬದುಕಿರುವವರೆಲ್ಲ ಹಾಗೆಯೇ ಅಂದರು. ನಾನು ವಿಜಯನ ಹೆಸರಿನಲ್ಲಿ ಹೊಸದೊಂದು ಪ್ರತಿ ಮಾಡಿ ಬೆಳಗ್ಗಿನಿಂದ ಸಂಜೆಯವರೆಗೆ ಆಡಿದೆ. ಪರದೆ ತುಂಬ ಕಲ್ಲು, ಕಳೆ, ಮರದ ಬುಡ. ಸಂಜೆಗೆ ನಾಲ್ಕು ಮಡಿಯಷ್ಟು ಜಾಗ ಚೊಕ್ಕಟವಾಯಿತು. ನಾಚಿಕೆಯಾಗಿ ನಿಲ್ಲಿಸಿದೆ.

ಸಂತೆಯ ದಿನ ಪುಟ್ಟಪ್ಪ ಬಂದರು. ಕೈಯಲ್ಲಿ ಖಾಲಿ ಚೀಲ. ಸಂತೆಗೆ ಮೊದಲು ಇಲ್ಲಿಗೇ ಬರುವುದಂತೆ. ಲಕ್ಷ್ಮೀಶ ಬಾಯಿ ತೆರೆಯುವ ಮೊದಲೇ, ನಾನೇ ಹೇಳುತ್ತೇನೆಂದು ಎದುರಿಗೆ ಕೂತು ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಪೂರ್ತಿ ಹೋಯ್ತಾ?" ಎಂದರು.

"ಪೂರ್ತಿ."

"ಅಳಿಸಕ್ಕೆ ಮುಂಚೆ ಒಳಗೆ ಹೋಗಿ ನೋಡಿದ್ರಾ ಅಕ್ಕಾ?"

"ಇಲ್ಲ ಪುಟ್ಟಪ್ಪ. ನೋಡ್ಲಿಲ್ಲ."

"ನೋಡ್ಬೇಕಿತ್ತು. ಚಂದ ಇತ್ತು."

ನನಗೆ ಅಳು ತಡೆಯಲಾಗಲಿಲ್ಲ. ಅವರು ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ಸಮಾಧಾನ ಮಾಡುವವರ ಹಾಗೆ ಹೇಳತೊಡಗಿದರು.

"ಆ ಆಟದಲ್ಲಿ ರೈತನ್ನ ಮಲಗಿಸಿದ್ರೆ ಮಾತ್ರ ಮಾಡಿದ್ದು ಉಳಿಯತ್ತೆ. ಅವ್ನು ಕೊನೇ ಸಲ ಮಲಗಿಸಿ ಎದ್ದು ಬಂದಿದ್ದ. ಹಂಗಾಗಿ ಯಾವಾಗ ತೆಗೆದ್ರೂ ಮಾರನೇ ಬೆಳಗ್ಗೆ. ನಾನು ಟೊಮೇಟೊಗೆ ನೀರು ಹಾಕ್ತಿದ್ದೆ, ಕೋಳಿಗೆ ಕಾಳು ಹಾಕ್ತಿದ್ದೆ, ಅಲ್ಲಿ ಹೊತ್ತು ಮುಳುಗಕ್ಕೆ ಮುಂಚೆ ಆಫ್ ಮಾಡ್ತಿದ್ದೆ. ಮಲಗಿಸ್ತಿರ್ಲಿಲ್ಲ. ಮಲಗಿಸಿದ್ರೆ ದಿನ ಮುಂದೆ ಹೋಗತ್ತಲ್ಲ."

ಎರಡು ವರ್ಷ ಅವರು ಸಂತೆಯ ದಿನವೆಲ್ಲ ಬಂದು ಅದೇ ಒಂದು ಬೆಳಗ್ಗೆಗೆ ನೀರು ಹಾಕಿದ್ದರು.

"ಹೊಸ್ದು ಮಾಡಿ ಕೊಡ್ತೀನಿ ಪುಟ್ಟಪ್ಪಣ್ಣ. ಅದೇ ಥರ," ಎಂದ ಲಕ್ಷ್ಮೀಶ.

"ಬ್ಯಾಡ ಮಾರಾಯ. ಕಲ್ಲು ಎತ್ತಿದ್ದು ಅವ್ನು."

ಎದ್ದು ಬಾಗಿಲವರೆಗೆ ಹೋದವರು ಅಲ್ಲಿ ನಿಂತರು. ಹೊರಗೆ ಕೊಪ್ಪದ ಬಸ್ಸು ಹಾರ್ನ್ ಹಾಕುತ್ತಿತ್ತು.

"ಮನೇಲಿ ಅವಳಿಗೆ ಎಂತ ಹೇಳದು ಅಂತ ಯೋಚನೆ," ಎಂದರು. "ಸಂತೆಯಿಂದ ಹೋದ ಕೂಡ್ಲೆ ಮೊದ್ಲು ಅದೇ ಕೇಳ್ತಾಳೆ, ಮಗನ ಟೊಮೇಟೊ ಹಣ್ಣಾಯ್ತಾ ಅಂತ. ಇನ್ನೂ ಇಲ್ಲ, ಇನ್ನೂ ಇಲ್ಲ ಅಂತಿದ್ದೆ."

ಲಕ್ಷ್ಮೀಶ ಹೊಲಿಗೆ ಹಿಡಿದುಕೊಂಡೇ ಎದ್ದು ಬಾಗಿಲಿಗೆ ಬಂದ.

"ಕೊಯ್ಲಾಯ್ತು ಅಂತೀನಿ," ಎಂದು ಹೇಳಿ ಚೀಲ ಕೊಡವಿ ಸಂತೆಯ ಕಡೆ ಹೊರಟರು.