ಮಾವನ ಸರದಿಯಲ್ಲಿ ಸೊಸೆಯ ಮಾತು

ಭಾನುವಾರ ಆರಾಧನೆ ಮುಗಿಯುತ್ತಲೇ ಚರ್ಚಿನ ಕಾರ್ಯದರ್ಶಿ ಎದ್ದು ನಿಂತರು. "ಮಕ್ಕಳ ಕೋಣೆ ಒಡೆದು ಕಾರು ನಿಲ್ಲಿಸೋಕೆ ಜಾಗ ಮಾಡ್ತೀವಿ. ಕಮಿಟಿ ಒಪ್ಪಿಗೆ ಆಗಿದೆ. ನಾಳೆಯಿಂದಲೇ ಕೋಣೆಗೆ ಬೀಗ," ಎಂದರು.

ಎಲ್ಲರೂ ಹೊಲಿಗೆ ಅಕ್ಕ ಎಂದು ಕರೆಯುತ್ತಿದ್ದ ಹೆಂಗಸು ಮಗಳನ್ನು ಎತ್ತಿಕೊಂಡು ನೇರ ಹೊರಗೆ ನಡೆದಳು. ಗಂಡ ತೀರಿಕೊಂಡ ಮೇಲೆ ಅವಳು ಹೊಲಿಗೆ ಯಂತ್ರ ತುಳಿದೇ ಸಂಸಾರ ನಡೆಸುತ್ತಿದ್ದಳು. ಅವಳು ಅಂಗಡಿಯಲ್ಲಿರುವಷ್ಟು ಹೊತ್ತು ಪುಟ್ಟ ಮಗಳು ಆಡಿ, ಉಂಡು, ಮಲಗುತ್ತಿದ್ದುದು ಆ ಕೋಣೆಯಲ್ಲೇ. ದುಡಿಯುವ ತಾಯಂದಿರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆ ಚರ್ಚಿನಲ್ಲಿ ಮನೆಗೊಂದೇ ಓಟು, ಅದೂ ಗಂಡಸಿಗೆ.

ಮನೆಗೆ ಬಂದವಳೇ ಚಪ್ಪಲಿ ಕಳಚಿ ಎಸೆದಳು. "ಇನ್ನು ಆ ಚರ್ಚಿನ ಮೆಟ್ಟಿಲು ತುಳಿದ್ರೆ ಕೇಳಿ!"

ಬಸ್ ಕಂಡಕ್ಟರ್ ಆಗಿದ್ದ ನಾದಿನಿ ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದಳು. "ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ ಅತ್ತಿಗೆ? ನೀವು ಹೊರಗೆ ಹೋದ್ರೆ ಅವರಿಗೇನು, ಇನ್ನೂ ಆರಾಮ."

"ಇದ್ದು ಏನು ಮಾಡ್ಲಿ? ನಮ್ಮ ಮಾತು ಯಾರು ಕೇಳ್ತಾರೆ?"

"ಬರ್ತಾ ದಾರೀಲಿ ಪಾಸ್ಟರ್ ಸಿಕ್ಕಿದ್ರು, ವಿಚಾರಿಸಿದೆ. ವಾರ್ಷಿಕ ಸಭೇಲಿ ಓಟಿನ ನಿಯಮಾನೇ ಬದಲಾಯಿಸಬಹುದಂತೆ. ಓಟಿರೋ ಸದಸ್ಯರೊಬ್ಬರು ವಿಷಯ ಎತ್ತಬೇಕು, ಅರ್ಧಕ್ಕಿಂತ ಹೆಚ್ಚು ಓಟು ಬೀಳಬೇಕು. ಅಷ್ಟೇ!"

"ಓಟು ಹಾಕೋರೆಲ್ಲ ಗಂಡಸರು ಕಣೇ."

"ಹೌದು. ಆ ಗಂಡಸರೆಲ್ಲ ಊಟಕ್ಕೆ ಯಾರ ಮುಂದೆ ಕೂರ್ತಾರೆ? ಹೆಂಡ್ತೀರ ಮುಂದೆ ತಾನೆ?"

ಹೊಲಿಗೆ ಅಕ್ಕನಿಗೆ ನಗು ತಡೆಯಲಾಗಲಿಲ್ಲ.

ಮೂಲೆಯಲ್ಲಿ ಕೂತಿದ್ದ ಮಾವ ಮಾತ್ರ ಮುಖ ಗಂಟು ಹಾಕಿಕೊಂಡರು. ವಯಸ್ಸಾಗಿ ಗಾರೆ ಕೆಲಸ ಬಿಟ್ಟು ಮನೆಯಲ್ಲಿದ್ದರು ಅವರು. "ಹೆಂಗಸರು ಹಾಡ್ಲಿ, ಪ್ರಾರ್ಥನೆ ಮಾಡ್ಲಿ. ಸಭೆ ಗಿಭೆ ಯಾಕೆ?"

ಮರುದಿನ ಕೋಣೆಗೆ ಬೀಗ ಬಿತ್ತು. ಮೊಮ್ಮಗಳನ್ನು ನೋಡಿಕೊಳ್ಳುವ ಪಾಳಿ ಮಾವನದಾಯಿತು. ಅವಳು ಅವರ ಕನ್ನಡಕವನ್ನು ನೀರಿನ ಡ್ರಮ್ಮಿಗೆ ಹಾಕಿದಳು, ಹಿಟ್ಟಿನ ಡಬ್ಬಿ ಬೋರಲು ಹಾಕಿದಳು. ವಾರ ಕಳೆಯುವಷ್ಟರಲ್ಲಿ ಮಾವ ಹೈರಾಣಾದರು. "ಗೋಡೆ ಕಟ್ಟೋದು ವಾಸಿ ಕಣಮ್ಮ, ಅದು ಇಟ್ಟಲ್ಲೇ ಇರುತ್ತೆ!"

ಅತ್ತಿಗೆ ನಾದಿನಿ ಇಬ್ಬರೂ ಸಂಜೆ ಸಂಜೆ ಮನೆಮನೆಗೆ ಹೋದರು. ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ಬೇಕರಿಯವನ ಹೆಂಡತಿ ಮಾತ್ರ, "ವಿಷಯ ಎತ್ತೋಕೆ ನಮ್ಮವರನ್ನ ನಾನು ಕಳಿಸ್ತೀನಿ, ಬಿಡಿ," ಎಂದಳು.

ಕೋಣೆ ಒಡೆಯುವ ಮೊದಲೇ ಸಭೆಯ ದಿನ ಬಂತು. ಎಂದೂ ಸಭೆಗೆ ಬಾರದ ಹೆಂಗಸರು ಹಿಂದಿನ ಬೆಂಚುಗಳಲ್ಲಿ ಒತ್ತೊತ್ತಾಗಿ ಕೂತರು. ಬೇಕರಿಯವನು ಬೆವರು ಒರೆಸಿಕೊಳ್ಳುತ್ತ, "ಹೆಂಗಸರಿಗೂ ಓಟು ಕೊಡಬೇಕು," ಎಂದ. ಗುಜುಗುಜು ಶುರುವಾಯಿತು. ಹೊಲಿಗೆ ಅಕ್ಕ ಎದ್ದಳು.

"ಹೆಂಗಸರಿಗೆ ಇಲ್ಲಿ ಮಾತಿಲ್ಲ. ಕೂತ್ಕೊಳಮ್ಮ," ಎಂದರು ಕಾರ್ಯದರ್ಶಿ.

ಆಗ ಮಾವ ಮೊಣಕಾಲು ಹಿಡಿದು ಎದ್ದರು. "ನನಗೆ ಮಾತಿದೆ ತಾನೆ? ನನ್ನ ಸರದಿ ನನ್ನ ಸೊಸೆಗೆ ಕೊಟ್ಟೆ. ಮಾತಾಡಮ್ಮ!"

ಕಾರ್ಯದರ್ಶಿ ಪಾಸ್ಟರ್ ಕಡೆ ತಿರುಗಿದರು. ಪಾಸ್ಟರ್, "ಮಾತಾಡಲಿ," ಎಂದರು.

ಹೊಲಿಗೆ ಅಕ್ಕ ಎಲ್ಲರಿಗೂ ಕೇಳುವಂತೆ ದನಿ ಎತ್ತಿದಳು. "ನಾನು ಇಲ್ಲೇ ದೀಕ್ಷಾಸ್ನಾನ ತಗೊಂಡೆ. ಯಜಮಾನರನ್ನ ಇಲ್ಲಿಂದಲೇ ಮಣ್ಣಿಗೆ ಕಳಿಸಿಕೊಟ್ಟೆ. ಬಿಟ್ಟು ಹೋಗೋಣ ಅಂದ್ಕೊಂಡಿದ್ದೆ, ಆಗಲಿಲ್ಲ. ಇದು ನನ್ನ ಮನೆ. ನನ್ನ ಮನೇಲಿ ನನ್ನನ್ನೂ ಒಂದು ಮಾತು ಕೇಳಿ ಅಂತಿದೀನಿ, ಅಷ್ಟೇ."

ಪಾಸ್ಟರ್ ಒಪ್ಪುವವರಿಗೆ ಕೈ ಎತ್ತಲು ಹೇಳಿದರು. ಒಂದು ಕೈ, ಇನ್ನೊಂದು, ಆಮೇಲೆ ಸಾಲು ಸಾಲು! ಪಾಸ್ಟರ್ ಎಣಿಸಿದರು, ಮತ್ತೆ ಎಣಿಸಿದರು. "ಅರ್ಧ ದಾಟಿದೆ!"

ಹಿಂದಿನ ಬೆಂಚುಗಳಿಂದ ಎದ್ದ ಕೇಕೆಗೆ ಕಿಟಕಿಯ ಪಾರಿವಾಳಗಳು ಪಟಪಟನೆ ಹಾರಿದವು. ಅದೇ ಸಭೆಯಲ್ಲಿ ಕೋಣೆ ಒಡೆಯುವುದು ಬೇಡ ಎಂದು ಹೆಂಗಸರು ಮೊದಲ ಸಲ ಕೈ ಎತ್ತಿದರು. ಮಕ್ಕಳ ಕೋಣೆ ಉಳಿಯಿತು. ಕೆಲವರು ಮುನಿಸಿಕೊಂಡು ಹೊರಟುಹೋದದ್ದೂ ನಿಜ. ಹೊಲಿಗೆ ಅಕ್ಕ ಅವರ ಮನೆಗಳಿಗೂ ಹೋಗಿ ಮತ್ತೆ ಚರ್ಚಿಗೆ ಬನ್ನಿ ಎಂದು ಕರೆದು ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಚರ್ಚಿನಲ್ಲಿ ಸರಿ ಕಾಣದ್ದು ಏನಾದರೂ ಇದೆಯೇ? ಮನೆಯಲ್ಲಿ ಕೂತು ಗೊಣಗಬೇಡಿ. ನಿಯಮ ಏನೆಂದು ಕೇಳಿ ತಿಳಿಯಿರಿ, ಜೊತೆಗೆ ನಾಲ್ಕು ಜನರನ್ನು ಸೇರಿಸಿಕೊಳ್ಳಿ. ಮುಂದಿನ ಸಭೆಗೆ ತಪ್ಪದೆ ಹೋಗಿ, ಎದ್ದು ನಿಂತು ಮಾತಾಡಿ!